ಹಿರಿಯರ ಮೈಗೆ ಲಸಿಕೆ ಯಾಕೆ ಕಡಿಮೆ ಹತ್ತುತ್ತದೆ?

ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೋ ಈಗ ಮೈದಾನವೆಂದೇ ಎಲ್ಲರಿಗೂ ಗೊತ್ತು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಕರುಗಳ ಚರ್ಮದ ಮೇಲೆ ಲಸಿಕೆಯ ವೈರಸ್ ಬೆಳೆಸಿ ಕೆರೆದು ತೆಗೆಯುವುದು ಆಗಿನ ಪದ್ಧತಿ. ಸಿಡುಬು 1980ರ ಹೊತ್ತಿಗೆ ಲೋಕದಿಂದಲೇ ಹೋಯಿತು. ಆದರೆ ನಮ್ಮ ಅಜ್ಜ ಅಜ್ಜಿಯರ ತೋಳಿನ ಮೇಲೆ ಆ ಲಸಿಕೆಯ ಗುರುತು ಇನ್ನೂ ಇದೆ.

ಗುರುತಷ್ಟೇ ಅಲ್ಲ. 25ರಿಂದ 75 ವರ್ಷಗಳ ಹಿಂದೆ ಸಿಡುಬಿನ ಲಸಿಕೆ ಹಾಕಿಸಿಕೊಂಡವರನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು. ನೂರಕ್ಕೆ 90ಕ್ಕೂ ಜಾಸ್ತಿ ಜನರ ರಕ್ತದಲ್ಲಿ ಅದರ ನೆನಪು ಉಳಿದಿತ್ತು. ಅದೇ ವಯಸ್ಸಿನವರಿಗೆ ಫ್ಲೂ ಲಸಿಕೆ ಹಾಕಿದರೆ ಮಾತ್ರ ರೋಗಾಣುವನ್ನು ತಡೆಯುವ ಪ್ರತಿಕಾಯಗಳು (ಆಂಟಿಬಾಡಿ) ಹರೆಯದವರಷ್ಟು ಹುಟ್ಟುವುದಿಲ್ಲ. ಯಾಕೆ?

ಉತ್ತರದ ಒಂದು ತುದಿ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿದೆ. ಅದು ಕೆಲಸಕ್ಕೆ ಬಾರದ ಅಂಗವೆಂದೇ ಬಹಳ ಕಾಲ ನಂಬಿದ್ದರು. 1961ರಲ್ಲಿ ವಿಜ್ಞಾನಿ ಜಾಕ್ ಮಿಲ್ಲರ್ ಇಲಿಗಳ ಮೇಲೆ ಪ್ರಯೋಗ ಮಾಡಿ ಅದರ ಕೆಲಸ ತೋರಿಸಿಕೊಟ್ಟರು. ರೋಗಾಣುಗಳನ್ನು ಗುರುತಿಸುವ ಟಿ ಕೋಶಗಳಿಗೆ ಥೈಮಸ್ಸೇ ಶಾಲೆ. ಈ ಶಾಲೆ ಚಿಕ್ಕಂದಿನಿಂದಲೇ ಸೊರಗತೊಡಗುತ್ತದೆ. ಅರವತ್ತು ದಾಟುವಷ್ಟರಲ್ಲಿ ಅದರ ಬಹುಭಾಗ ಕೊಬ್ಬು. ಹೊಸ ಟಿ ಕೋಶಗಳು ಕಡಿಮೆಯಾಗುತ್ತವೆ, ಹಳೆಯ ಅನುಭವದ ಕೋಶಗಳೇ ಉಳಿಯುತ್ತವೆ. ಇದರ ಜೊತೆಗೆ ಮೈಯೊಳಗೆ ಸಣ್ಣಗೆ ಉರಿಯೂತ ಸದಾ ಇರುತ್ತದೆ ಎಂದು 2000ದಲ್ಲಿ ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ ವಿವರಿಸಿದರು.

ಹಾಗಾದರೆ ವಯಸ್ಸಾದವರ ರೋಗನಿರೋಧಕ ಶಕ್ತಿ ಪೂರ್ತಿ ಸೋತಿದೆಯಾ? ಇಲ್ಲ. 2009ರ ಎಚ್1ಎನ್1 ಫ್ಲೂ ಹಾವಳಿಯಲ್ಲಿ ಸೋಂಕು ಜಾಸ್ತಿ ತಗುಲಿದ್ದು ಚಿಕ್ಕ ವಯಸ್ಸಿನವರಿಗೆ. 1957ಕ್ಕೂ ಮೊದಲು ಹುಟ್ಟಿದ ಅನೇಕರು ಅಂಥದ್ದೇ ವೈರಸ್ಸನ್ನು ಚಿಕ್ಕಂದಿನಲ್ಲೇ ಎದುರಿಸಿದ್ದರು. ಕಲಿತದ್ದನ್ನು ಅವರ ಮೈ ಬಿಟ್ಟುಕೊಟ್ಟಿರಲಿಲ್ಲ. ಕಷ್ಟ ಇರುವುದು ಹೊಸದನ್ನು ಕಲಿಯುವುದರಲ್ಲಿ. ವಯಸ್ಸಾದ ಮೇಲೆ ಲಸಿಕೆ ಸುಮ್ನೆ ದಂಡ ಎನ್ನುವವರು ಇದನ್ನು ಗಮನಿಸಬೇಕು.

ಇದು ತಿಳಿದ ಮೇಲೆ ಲಸಿಕೆಯನ್ನೇ ಬದಲಿಸುವ ಕೆಲಸ ಶುರುವಾಯಿತು. 65 ದಾಟಿದವರಿಗೆಂದೇ ನಾಲ್ಕು ಪಟ್ಟು ಪ್ರಮಾಣದ ಫ್ಲೂ ಲಸಿಕೆಗೆ 2009ರ ಕೊನೆಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಸುಮಾರು 32,000 ಹಿರಿಯರ ಮೇಲೆ ನಡೆದ ಪ್ರಯೋಗದಲ್ಲಿ ಅದು ಮಾಮೂಲಿ ಲಸಿಕೆಗಿಂತ 24 ಶೇಕಡದಷ್ಟು ಹೆಚ್ಚು ಫ್ಲೂ ತಡೆಯಿತು.

ಸರ್ಪಸುತ್ತಿನ ಕಥೆ ಇನ್ನೂ ಸ್ಪಷ್ಟ. 2006ರಲ್ಲಿ ಬಂದ ಮೊದಲ ಲಸಿಕೆ 60ರಿಂದ 69 ವಯಸ್ಸಿನವರಲ್ಲಿ 64 ಶೇಕಡ ರಕ್ಷಣೆ ಕೊಟ್ಟರೆ, 70 ದಾಟಿದವರಲ್ಲಿ 38ಕ್ಕೆ ಇಳಿಯಿತು. 2017ರಲ್ಲಿ ಬಂದ ಹೊಸ ಲಸಿಕೆಯಲ್ಲಿ ವೈರಸ್ಸಿನ ಒಂದು ಪ್ರೋಟೀನ್ ಮಾತ್ರ ಇತ್ತು. ಮೈಯನ್ನು ಎಚ್ಚರಿಸುವ ಪೂರಕ ವಸ್ತು ಜೊತೆಗಿತ್ತು. ಅದರ ಒಂದು ಭಾಗ ಬರುವುದು ಚಿಲಿಯ ಮರವೊಂದರ ತೊಗಟೆಯಿಂದ. 70 ದಾಟಿದವರಲ್ಲೂ ರಕ್ಷಣೆ 90 ಶೇಕಡದ ಆಸುಪಾಸಿಗೆ ಏರಿತು! ಮೈ ಮುದಿಯಾಗಿದೆ ಎಂದು ಕೈಚೆಲ್ಲುವಂತಿಲ್ಲ, ಅಲ್ವಾ?

ನಮ್ಮಲ್ಲಿ 1985ರಲ್ಲಿ ಶುರುವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಮಕ್ಕಳು, ಗರ್ಭಿಣಿಯರ ಸುತ್ತಲೇ ಬೆಳೆಯಿತು. ಅದು ಸರಿಯೇ ಇತ್ತು. 2021ರ ಮಾರ್ಚ್ 1ರಂದು ಕೋವಿಡ್ ಲಸಿಕೆಯನ್ನು 60 ದಾಟಿದವರಿಗೆ ತೆರೆದಾಗ ಮೊದಲ ಬಾರಿ ಹಿರಿಯರು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಸಾಲು ನಿಂತರು. ಆದರೆ ಫ್ಲೂ, ಸರ್ಪಸುತ್ತಿನ ಲಸಿಕೆಗಳು ಅವರಿಗೆ ಈ ಕಾರ್ಯಕ್ರಮದಲ್ಲಿ ಸಿಗುವುದಿಲ್ಲ. ಸರ್ಪಸುತ್ತಿನ ಎರಡು ಡೋಸ್‌ಗೆ ಸಾವಿರಾರು ರೂಪಾಯಿ. ಪಿಂಚಣಿ ನಂಬಿದ ರಾಯಬಾಗ, ಸವದತ್ತಿಯ ಅಜ್ಜಿಗೆ ಇದು ಆಗುವ ಮಾತಲ್ಲ. ಸರ್ಕಾರ ಕನಿಷ್ಠ ಫ್ಲೂ ಲಸಿಕೆಯನ್ನಾದರೂ ಮಳೆಗಾಲಕ್ಕೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಿರಿಯರಿಗೆ ಉಚಿತವಾಗಿ ಕೊಡಬೇಕು.