ಪ್ಯಾಚ್ ಹಾಕುವವರು ಒಬ್ಬರು, ಬೈಸಿಕೊಳ್ಳುವವರು ಇನ್ನೊಬ್ಬರು

ಹಾಸನದ ನಮ್ಮ ಭಾನುವಾರದ ಲಿನಕ್ಸ್ ಗುಂಪಿನಲ್ಲಿ ಒಬ್ಬ ಹುಡುಗ ಕೇಳಿದ: "ಓಪನ್ ಸೋರ್ಸ್ ಅಂದಮೇಲೆ ಯಾರು ಬೇಕಾದ್ರೂ ಬದಲಾಯಿಸಬಹುದು ಅಲ್ವಾ? ಮತ್ತೆ ಬರೆಯುವವರಿಗೂ ಹಂಚುವವರಿಗೂ ಜಗಳ ಯಾಕೆ?" ಅದಕ್ಕೆ ಈ ಟಿಪ್ಪಣಿ.

ಮೊದಲು ಪದ. ತಂತ್ರಾಂಶ ಬರೆಯುವ ಮೂಲ ತಂಡಕ್ಕೆ ಅಪ್‌ಸ್ಟ್ರೀಮ್ ಅಂತಾರೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ಕಡೆಯ ಜಾವಳಿಯಲ್ಲಿ, ನಾವು ನೋಡುವುದು ಗೊರೂರಿನಲ್ಲಿ ನಿಂತ ನೀರು. ಡೆಬಿಯನ್, ಫೆಡೋರಾದಂಥ ಡಿಸ್ಟ್ರೋಗಳು (ಲಿನಕ್ಸ್ ಜೊತೆ ಬೇಕಾದ ತಂತ್ರಾಂಶಗಳನ್ನು ಒಟ್ಟುಮಾಡಿ ಹಂಚುವವು) ಗೊರೂರು ಇದ್ದಂತೆ. ಮೂಲ ಕೋಡ್ ತಂದು, ತಮ್ಮ ಪ್ಯಾಚ್ (ಕೋಡ್‌ಗೆ ಹಾಕುವ ಸಣ್ಣ ತಿದ್ದುಪಡಿ) ಸೇರಿಸಿ, ಪ್ಯಾಕೇಜ್ ಮಾಡಿ ನಮಗೆ ಬಿಡುತ್ತವೆ.

ಪ್ಯಾಚ್ ಹಾಕುವುದಕ್ಕೆ ಒಳ್ಳೆಯ ಕಾರಣಗಳೇ ಇರುತ್ತವೆ. ಡೆಬಿಯನ್‌ನ ಸ್ಥಿರ ಆವೃತ್ತಿ 'ಸ್ಟೇಬಲ್' ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ನಡುವೆ ಭದ್ರತಾ ದೋಷ ಸಿಕ್ಕರೆ ಸಾಮಾನ್ಯವಾಗಿ ಹೊಸ ಆವೃತ್ತಿ ತರುವುದಿಲ್ಲ, ತಿದ್ದುಪಡಿಯನ್ನಷ್ಟೇ ಹಳೆಯದಕ್ಕೆ ಹೊಲಿಯುತ್ತಾರೆ. ಆದರೆ ಮೂಲ ತಂಡದವರಿಗೆ ಇದೇ ಕಿರಿಕಿರಿ. ತಾವು ಯಾವತ್ತೋ ಮರೆತ ಆವೃತ್ತಿಯ ದೂರು ಅವರ ಬಾಗಿಲಿಗೇ ಬರುತ್ತದೆ.

ಈಗ ಎಲ್ಲರೂ ಓದಲೇಬೇಕಾದ ಕಥೆ. 2006ರಲ್ಲಿ ಡೆಬಿಯನ್‌ನವರು ಓಪನ್‌ಎಸ್‌ಎಸ್‌ಎಲ್ (ಮಾಹಿತಿಯನ್ನು ಗುಟ್ಟಾಗಿಡುವ ಕೀಗಳನ್ನು ಮಾಡುವ ತಂತ್ರಾಂಶ) ಕೋಡ್‌ನಲ್ಲಿ ಎರಡು ಸಾಲು ತೆಗೆದರು. ವಾಲ್‌ಗ್ರಿಂಡ್ ಎಂಬ ತಪಾಸಣೆ ಸಾಧನ ಆ ಸಾಲುಗಳ ಬಗ್ಗೆ ಎಚ್ಚರಿಕೆ ಕೊಡುತ್ತಿತ್ತು, ಅಷ್ಟೇ. ಸುಮ್ನೆ ತೆಗೆದದ್ದೂ ಅಲ್ಲ, ಅಪ್‌ಸ್ಟ್ರೀಮ್‌ನವರನ್ನು ಕೇಳಿದ್ದರು. ಬೇಡ ಅಂತ ಯಾರೂ ತಡೆಯಲಿಲ್ಲ. ಆದರೆ ಅದರಲ್ಲೊಂದು ಸಾಲಿನ ಕೆಲಸವೇ ಊಹಿಸಲಾಗದ ಸಂಖ್ಯೆಗಳಿಗೆ ಬೇಕಾದ ಸರಕು ತುಂಬುವುದು. ಅದು ಹೋದಮೇಲೆ ಉಳಿದದ್ದು ಪ್ರೊಸೆಸ್ ಐಡಿ (ಓಡುವ ಪ್ರತಿ ಪ್ರೋಗ್ರಾಮಿಗೆ ಸಿಸ್ಟಮ್ ಕೊಡುವ ಸಂಖ್ಯೆ) ಮಾತ್ರ. ಲಿನಕ್ಸ್‌ನಲ್ಲಿ ಆಗ ಅದು ಸಾಮಾನ್ಯವಾಗಿ 32,768 ದಾಟುತ್ತಿರಲಿಲ್ಲ. ಅಂದರೆ ಒಂದೊಂದು ಬಗೆಯ, ಅಳತೆಯ ಕೀಗೆ ಹೆಚ್ಚುಕಡಿಮೆ ಅಷ್ಟೇ ಸಾಧ್ಯತೆ. ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬಹುದು! ಗೊತ್ತಾಗಿದ್ದು 2008ರ ಮೇನಲ್ಲಿ. ಡೆಬಿಯನ್ ಆಧರಿಸಿದ ಉಬುಂಟು ಕೂಡ ಸಿಕ್ಕಿಬಿತ್ತು. ತಂತ್ರಾಂಶ ಸರಿಮಾಡಿದರೆ ಸಾಲದು, ಆ ಅವಧಿಯಲ್ಲಿ ಮಾಡಿದ ಕೀಗಳನ್ನೆಲ್ಲ ಎಸೆಯಬೇಕಾಯಿತು. ತಪ್ಪು ಯಾರದು? ಡೆಬಿಯನ್ನದೇ ಅಂತ ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರಶ್ನೆ ಕೇಳಿದವರಿಗೆ ಪೂರ್ತಿ ಕೋಡ್ ಗೊತ್ತಿರಲಿಲ್ಲ, ಉತ್ತರ ಕೊಟ್ಟವರು ಪ್ಯಾಚನ್ನು ಪೂರ್ತಿ ನೋಡಲಿಲ್ಲ.

ಎರಡನೇ ಜಗಳ ಹೆಸರಿನದು. ಕೋಡ್ ಬದಲಾಯಿಸಲು ಲೈಸೆನ್ಸ್ ಬಿಡುತ್ತದೆ, ಟ್ರೇಡ್‌ಮಾರ್ಕ್ ಬೇರೆಯೇ ವಿಷಯ. ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿ ನೆನೆಸಿಕೊಳ್ಳಿ. ಬೀಜ ಕೊಂಡಮೇಲೆ ಚಿಕೋರಿ ಬೆರೆಸುವುದು ಅಂಗಡಿಯವರ ಇಷ್ಟ (ಕಾಫಿ 51%ಗಿಂತ ಕಡಿಮೆ ಇರಬಾರದು, ಪೊಟ್ಟಣದ ಮೇಲೆ ಬರೆಯಬೇಕು, ಅದು ನಿಯಮ). ಆದರೆ ಬೆರೆಸಿದ ಪುಡಿಯನ್ನು ಎಸ್ಟೇಟಿನ ಹೆಸರಲ್ಲೇ ಮಾರಿದರೆ ಎಸ್ಟೇಟಿನವರು ಸುಮ್ಮನಿರುತ್ತಾರಾ? ಫೈರ್‌ಫಾಕ್ಸ್ ಬ್ರೌಸರ್ ವಿಷಯದಲ್ಲಿ ಅದನ್ನು ಬರೆಯುವ ಮೊಜಿಲ್ಲಾ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಹೆಸರು ಬೇಕಾದರೆ ಲೋಗೋನೂ ಇರಲಿ, ಪ್ಯಾಚ್ ನಮಗೆ ತೋರಿಸಿ. ಆ ಲೋಗೋದ ಲೈಸೆನ್ಸ್ ಡೆಬಿಯನ್‌ಗೆ ಒಪ್ಪಿಗೆಯಾಗಲಿಲ್ಲ. 2006ರಲ್ಲಿ ಹೆಸರನ್ನೇ ಐಸ್‌ವೀಸಲ್ ಅಂತ ಬದಲಿಸಿದರು. ಫೈರ್‌ಫಾಕ್ಸ್ ಹೆಸರು ವಾಪಸ್ ಬಂದಿದ್ದು 2016ರಲ್ಲಿ. ಹತ್ತು ವರ್ಷ!

ಇದು ಹಳೇ ಕಾಲದ ಜಗಳ ಅಂದುಕೊಳ್ಳಬೇಡಿ. 2025ರ ಫೆಬ್ರವರಿಯಲ್ಲಿ ವಿಡಿಯೋ ರೆಕಾರ್ಡಿಂಗ್ ತಂತ್ರಾಂಶ ಓಬಿಎಸ್ ಸ್ಟುಡಿಯೋದವರು ಫೆಡೋರಾಗೆ ಕಾನೂನು ಕ್ರಮದ ಎಚ್ಚರಿಕೆಯನ್ನೇ ಕೊಟ್ಟರು. ಫೆಡೋರಾ ಮಾಡಿದ ಓಬಿಎಸ್ ಫ್ಲಾಟ್‌ಪ್ಯಾಕ್ (ಬೇರೆಬೇರೆ ಡಿಸ್ಟ್ರೋಗಳಲ್ಲಿ ಓಡುವ ಬಗೆಯ ಪ್ಯಾಕೇಜ್) ಸರಿಯಾಗಿ ಓಡುತ್ತಿಲ್ಲ, ಜನ ಅದನ್ನೇ ನಮ್ಮದೆಂದು ತಿಳಿದು ನಮಗೆ ದೂರು ಕೊಡುತ್ತಿದ್ದಾರೆ ಅನ್ನೋದು ಅವರ ಸಂಕಟ. ಕೋರ್ಟ್‌ವರೆಗೆ ಹೋಗಲಿಲ್ಲ, ಮಾತುಕತೆಯಲ್ಲೇ ಮುಗಿಯಿತು.

ನಾನೂ ಇಂಥದ್ದೇ ಒಂದು ತಪ್ಪು ದೂರು ಕೊಟ್ಟಿದ್ದೆ. "ನಮ್ಮ ಆವೃತ್ತಿಯಲ್ಲಿ ಈ ಸಾಲೇ ಇಲ್ಲ" ಎಂಬ ಒಂದು ಸಾಲಿನ ಉತ್ತರ ಬಂತು. ಈಗ ಮೊದಲು ಪ್ಯಾಕೇಜಿನ ಮೂಲ ಕೋಡ್ ಇಳಿಸಿಕೊಂಡು, ಅದರೊಳಗಿನ 'ಡೆಬಿಯನ್' ಫೋಲ್ಡರ್‌ನಲ್ಲಿ 'ಪ್ಯಾಚಸ್' ಅಂತ ಇರುವುದನ್ನು ತೆರೆದು ನೋಡುತ್ತೇನೆ. ಬರುವ ಭಾನುವಾರ ಲ್ಯಾಪ್‌ಟಾಪ್ ತನ್ನಿ, ನೀವು ದಿನಾ ಬಳಸುವ ಒಂದು ಪ್ಯಾಕೇಜಿನಲ್ಲಿ ಎಷ್ಟು ಪ್ಯಾಚ್ ಇವೆ ಅಂತ ಎಣಿಸೋಣ.