ಚಂಡಮಾರುತಕ್ಕೆ ಸಿದ್ಧತೆ: ಮೊದಲು ನೀರಿನ ಲೆಕ್ಕ

ಉಷ್ಣವಲಯದ ಚಂಡಮಾರುತವೊಂದು ಕರಾವಳಿಯತ್ತ ಸಾಗುತ್ತಿದೆ ಎಂಬ ಸುದ್ದಿ ಬಂದೊಡನೆ ಹೆಚ್ಚಿನವರು ವಿಚಾರಿಸುವುದು ಗಾಳಿಯ ವೇಗವನ್ನು. ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಒಂದೇ ಸಂಖ್ಯೆಯಿಂದ ಅಪಾಯವನ್ನು ಅಳೆದು, ಅದು ಕಡಿಮೆಯಿದ್ದರೆ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಜೀವಹಾನಿಯ ದಾಖಲೆಗಳನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅಮೆರಿಕದಲ್ಲಿ 1963ರಿಂದ 2012ರವರೆಗೆ ಅಟ್ಲಾಂಟಿಕ್ ಚಂಡಮಾರುತಗಳಿಂದ ನೇರವಾಗಿ ಸಂಭವಿಸಿದ ಸಾವುಗಳಲ್ಲಿ ಶೇ 90ರಷ್ಟಕ್ಕೆ ನೀರೇ ಕಾರಣವಾಗಿತ್ತು. 1970ರ ನವೆಂಬರ್‌ನಲ್ಲಿ ಇಂದಿನ ಬಾಂಗ್ಲಾದೇಶದ ಕರಾವಳಿಗೆ ಅಪ್ಪಳಿಸಿದ ಭೋಲಾ ಚಂಡಮಾರುತದಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರೆಂದು ಅಂದಾಜಿದೆ. ಅವರಲ್ಲಿ ಬಹುಪಾಲು ಜನರನ್ನು ಬಲಿ ತೆಗೆದುಕೊಂಡದ್ದು ನೆಲದ ಮೇಲೆ ನುಗ್ಗಿದ ಸಮುದ್ರ. ಆದ್ದರಿಂದ ಸಿದ್ಧತೆ ನೀರಿನಿಂದಲೇ ಆರಂಭವಾಗಬೇಕು.

ಚಂಡಮಾರುತಕ್ಕೆ ಶಕ್ತಿ ಬರುವುದೂ ನೀರಿನಿಂದಲೇ. ಸಮುದ್ರದ ಮೇಲ್ಪದರದ ಉಷ್ಣತೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಅಲ್ಲಿಂದ ಎದ್ದ ಆವಿ ಮೇಲೇರಿ ತಣಿದು ಹನಿಗಟ್ಟುತ್ತದೆ. ಆಗ ಬಿಡುಗಡೆಯಾಗುವ ಶಾಖ ಗಾಳಿಯನ್ನು ಇನ್ನಷ್ಟು ಮೇಲಕ್ಕೆಳೆದು, ಸುತ್ತಲಿನಿಂದ ಮತ್ತಷ್ಟು ತೇವಾಂಶವನ್ನು ಒಳಗೆ ಸೆಳೆದುಕೊಳ್ಳುತ್ತದೆ. ಒಂದು ಊರಿನ ಮೇಲೆ ಎಷ್ಟು ಮಳೆ ಸುರಿಯುತ್ತದೆ ಎಂಬುದನ್ನು ನಿರ್ಧರಿಸುವುದರಲ್ಲಿ ಚಂಡಮಾರುತದೊಳಗಿನ ಗಾಳಿಯ ವೇಗಕ್ಕಿಂತ ಇಡೀ ಚಂಡಮಾರುತ ಮುಂದೆ ಸಾಗುವ ವೇಗದ ಪಾತ್ರ ದೊಡ್ಡದು. ನಿಧಾನವಾಗಿ ಸಾಗುವ ಅಥವಾ ಒಂದೆಡೆ ನಿಂತುಬಿಡುವ ದುರ್ಬಲ ಚಂಡಮಾರುತವು ವೇಗವಾಗಿ ದಾಟಿಹೋಗುವ ಪ್ರಬಲ ಚಂಡಮಾರುತಕ್ಕಿಂತ ಹೆಚ್ಚು ಮಳೆ ಸುರಿಸಬಲ್ಲದು. 2001ರ ಜೂನ್‌ನಲ್ಲಿ ಅಮೆರಿಕದ ಟೆಕ್ಸಾಸ್‌ಗೆ ಬಂದ ಆಲಿಸನ್ ಚಂಡಮಾರುತ ಎಂದೂ ಹರಿಕೇನ್ (ಪ್ರಬಲ ಚಂಡಮಾರುತ) ದರ್ಜೆಗೆ ಏರಲಿಲ್ಲ. ಆದರೂ ಆ ರಾಜ್ಯದ ಕೆಲವೆಡೆ 1,000 ಮಿಲಿಮೀಟರ್‌ಗೂ ಮೀರಿದ ಮಳೆಯಾಗಿ ಹೂಸ್ಟನ್ ನಗರ ಮುಳುಗಿತು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎತ್ತರದ ಪ್ರದೇಶವೊಂದರಲ್ಲಿ 2007ರ ಗಾಮೇಡ್ ಚಂಡಮಾರುತ 72 ಗಂಟೆಗಳಲ್ಲಿ ಸುಮಾರು 3,930 ಮಿಲಿಮೀಟರ್ ಮಳೆ ಸುರಿಸಿತ್ತು. ಮುನ್ಸೂಚನೆಯನ್ನು ಕೇಳುವಾಗ ದರ್ಜೆಯ ಜೊತೆಗೆ ‘ಎಷ್ಟು ನಿಧಾನವಾಗಿ ಸಾಗುತ್ತಿದೆ’, ‘ಒಟ್ಟು ಎಷ್ಟು ಮಳೆ ನಿರೀಕ್ಷಿತ’ ಎಂಬ ಮಾಹಿತಿಗೂ ಕಿವಿಗೊಡಬೇಕಾದದ್ದು ಇದೇ ಕಾರಣಕ್ಕೆ.

ಮಿಲಿಮೀಟರ್ ಎಂಬ ಅಳತೆ ಸಣ್ಣದಾಗಿ ಕೇಳಿಸುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು, ಅಂದರೆ ಒಂದು ಕಿಲೋಗ್ರಾಂ ಭಾರ. ಈ ಲೆಕ್ಕದಲ್ಲಿ 300 ಮಿಲಿಮೀಟರ್ ಮಳೆ ಬಂದರೆ 100 ಚದರ ಮೀಟರ್‌ನ ಒಂದು ಚಾವಣಿಯ ಮೇಲೆ 30,000 ಲೀಟರ್ ನೀರು ಬೀಳುತ್ತದೆ. ಸಮತಟ್ಟಾದ ತಾರಸಿಯಲ್ಲಿ ನೀರು ಹೊರಹೋಗುವ ಕಿಂಡಿಗೆ ಎಲೆ, ಕಸ ಕಟ್ಟಿಕೊಂಡು ಹತ್ತು ಸೆಂಟಿಮೀಟರ್ ನೀರು ನಿಂತರೂ ಆ ಚಾವಣಿ ಹತ್ತು ಟನ್ ಹೆಚ್ಚುವರಿ ಭಾರ ಹೊರಬೇಕಾಗುತ್ತದೆ. ತಾರಸಿಯ ಕಿಂಡಿ, ಮಳೆನೀರಿನ ಕೊಳವೆ, ಮನೆಯ ಮುಂದಿನ ಚರಂಡಿ ಇವುಗಳನ್ನು ಸ್ವಚ್ಛಗೊಳಿಸುವುದು ಖರ್ಚಿಲ್ಲದ, ಬಹು ಫಲ ಕೊಡುವ ಕೆಲಸ. ಮಳೆ ಆರಂಭವಾದ ಮೇಲೆ ತಾರಸಿ ಹತ್ತುವುದು ಮಾತ್ರ ಅಪಾಯವನ್ನು ಆಹ್ವಾನಿಸಿದಂತೆ.

ಕರಾವಳಿಯಲ್ಲಿ ಮಳೆಗಿಂತಲೂ ಭೀಕರವಾದದ್ದು ಚಂಡಮಾರುತ ಎಬ್ಬಿಸುವ ಉಬ್ಬರ. ಕೇಂದ್ರದಲ್ಲಿ ವಾಯುಭಾರ ಕುಸಿಯುವುದರಿಂದ ಸಮುದ್ರದ ಮಟ್ಟ ಏರುತ್ತದೆಯಾದರೂ ಆ ಏರಿಕೆ ಒಂದು ಹೆಕ್ಟೋಪ್ಯಾಸ್ಕಲ್ (ವಾಯುಭಾರ ಅಳೆಯುವ ಮಾನ) ಕುಸಿತಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಉಬ್ಬರದ ಬಹುಭಾಗವು ದೀರ್ಘಕಾಲ ಒಂದೇ ದಿಕ್ಕಿನಲ್ಲಿ ಬೀಸಿದ ಗಾಳಿ ನೀರನ್ನು ದಡದತ್ತ ಒತ್ತಿ ರಾಶಿ ಹಾಕುವುದರಿಂದ ಉಂಟಾಗುತ್ತದೆ. ದಡದಾಚೆ ಸಮುದ್ರ ಆಳವಾಗಿದ್ದರೆ ಆ ನೀರು ಕೆಳಗಿನಿಂದ ಹಿಂದಕ್ಕೆ ಸರಿಯಬಲ್ಲದು; ಬಹುದೂರದವರೆಗೆ ಆಳ ಕಡಿಮೆಯಿದ್ದರೆ ಅದಕ್ಕೆ ದಾರಿಯಿಲ್ಲದೆ ನೆಲದ ಮೇಲೇರುತ್ತದೆ. ನಿತ್ಯದ ಭರತದ ವೇಳೆಗೇ ಇದೂ ಸೇರಿಕೊಂಡರೆ ಮಟ್ಟ ಇನ್ನಷ್ಟು ಹೆಚ್ಚುತ್ತದೆ, ಮಳೆಯಿಂದ ತುಂಬಿದ ನದಿಗಳು ಸಮುದ್ರಕ್ಕೆ ಇಳಿಯಲಾರದೆ ಒಳನಾಡಿನಲ್ಲೇ ಉಕ್ಕುತ್ತವೆ. ಹೀಗಾಗಿ ‘ನಮ್ಮ ಮನೆ ಸಮುದ್ರದಿಂದ ಎಷ್ಟು ದೂರ’ ಎನ್ನುವುದಕ್ಕಿಂತ ‘ಸಮುದ್ರಮಟ್ಟದಿಂದ, ಹತ್ತಿರದ ನದಿಯ ಮಟ್ಟದಿಂದ ಎಷ್ಟು ಎತ್ತರ’ ಎಂಬ ಪ್ರಶ್ನೆ ಮುಖ್ಯ. ಉಬ್ಬರದ ಎದುರು ಮನೆಯನ್ನು ಭದ್ರಪಡಿಸಿಕೊಂಡು ಕೂರುವ ಉಪಾಯವಿಲ್ಲ. ಸ್ಥಳಾಂತರದ ಸೂಚನೆ ಬಂದಾಗ ಹೊರಡುವುದೊಂದೇ ಸರಿಯಾದ ನಿರ್ಧಾರ. ಎಲ್ಲಿಗೆ, ಯಾವ ದಾರಿಯಲ್ಲಿ, ಹಿರಿಯರನ್ನೂ ಸಾಕುಪ್ರಾಣಿಗಳನ್ನೂ ಹೇಗೆ ಕರೆದೊಯ್ಯುವುದು ಎಂಬುದು ಸೂಚನೆ ಬರುವ ಮುನ್ನವೇ ಮನೆಯವರಲ್ಲಿ ಇತ್ಯರ್ಥವಾಗಿರಬೇಕು.

ಹರಿಯುವ ನೀರಿನ ಬಲವನ್ನು ನಾವು ಸದಾ ಕಡಿಮೆ ಅಂದಾಜು ಮಾಡುತ್ತೇವೆ. ರಭಸವಾಗಿ ಹರಿಯುವ ನೀರು ಕೇವಲ 15 ಸೆಂಟಿಮೀಟರ್ ಆಳವಿದ್ದರೂ ವಯಸ್ಕರ ಕಾಲು ಜಾರಿಸಬಲ್ಲದು. 30 ಸೆಂಟಿಮೀಟರ್ ಆಳದ ನೀರು ಸಣ್ಣ ಕಾರುಗಳನ್ನೂ, 60 ಸೆಂಟಿಮೀಟರ್ ನೀರು ಹೆಚ್ಚಿನ ವಾಹನಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಕಾರು ಭಾರವಾಗಿದ್ದರೂ ಅದರ ಒಳಗೆಲ್ಲ ಗಾಳಿಯಿರುವುದರಿಂದ ನೀರು ಅದನ್ನು ಮೇಲೆತ್ತುತ್ತದೆ, ಟೈರಿಗೂ ರಸ್ತೆಗೂ ನಡುವಿನ ಹಿಡಿತ ತಪ್ಪುತ್ತದೆ. ಕೆಂಪು ನೀರಿನಡಿ ರಸ್ತೆ ಉಳಿದಿದೆಯೋ ಕುಸಿದಿದೆಯೋ ಎಂಬುದು ಚಾಲಕರಿಗೆ ಕಾಣುವುದೂ ಇಲ್ಲ. ದಿನವೂ ಓಡಾಡುವ ದಾರಿಯೆಂಬ ಧೈರ್ಯದಲ್ಲೇ ಎಷ್ಟೋ ಜೀವಗಳು ಹೋಗಿವೆ.

ಇಷ್ಟು ಹೇಳಿದ ಮಾತ್ರಕ್ಕೆ ಗಾಳಿಯನ್ನು ಕಡೆಗಣಿಸುವಂತಿಲ್ಲ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ: ಗಂಟೆಗೆ 60 ಕಿಲೋಮೀಟರ್‌ನಿಂದ 120ಕ್ಕೆ ಏರಿದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಾಳಿ ಬೀಸುವ ಬದಿಯ ಕಿಟಕಿಯೋ ಬಾಗಿಲೋ ಒಡೆದರೆ ಒಳಗೆ ನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿನಿಂದ ಒತ್ತುತ್ತದೆ, ಅದೇ ವೇಳೆ ಮೇಲೆ ಹಾಯುವ ಗಾಳಿ ಅದನ್ನು ಮೇಲಕ್ಕೆಳೆಯುತ್ತದೆ. ಚಾವಣಿ ಹಾರಿಹೋಗುವುದು ಬಹುಮಟ್ಟಿಗೆ ಹೀಗೆ. ಆದ್ದರಿಂದ ಒತ್ತಡ ಸಮವಾಗಲೆಂದು ಕಿಟಕಿಯನ್ನು ತುಸು ತೆರೆದಿಡಬೇಕೆಂಬ ಹಳೆಯ ಸಲಹೆ ತಪ್ಪು. ಗಾಜಿಗೆ ಟೇಪ್ ಅಂಟಿಸುವುದರಿಂದಲೂ ಪ್ರಯೋಜನವಿಲ್ಲ. ಗಾಜು ಒಡೆಯುವುದು ತಪ್ಪುವುದಿಲ್ಲ, ಚೂರುಗಳು ಮಾತ್ರ ದೊಡ್ಡವಾಗಿ ಹಾರುತ್ತವೆ. ಹೊರಗಿನಿಂದ ಹಲಗೆ ಅಥವಾ ದಪ್ಪ ಪ್ಲೈವುಡ್ ಬಿಗಿಯುವುದು ಸರಿಯಾದ ಕ್ರಮ. ಹೂಕುಂಡ, ಕುರ್ಚಿ, ಸಡಿಲ ತಗಡು ಮುಂತಾದವನ್ನು ಒಳಗಿಡಬೇಕು. ನೆಲ ನೆನೆದಾಗ ಬೇರುಗಳ ಹಿಡಿತ ಸಡಿಲಗೊಳ್ಳುವುದರಿಂದ ಸಾಧಾರಣ ಗಾಳಿಗೂ ಮರಗಳು ಉರುಳಬಹುದು. ಚಂಡಮಾರುತದ ಕಣ್ಣು, ಅಂದರೆ ಅದರ ಕೇಂದ್ರದ ಶಾಂತ ಭಾಗ, ಹಾದುಹೋಗುವಾಗ ಗಾಳಿ ಹಠಾತ್ತನೆ ಅಡಗುತ್ತದೆ. ಮುಗಿಯಿತೆಂದು ಹೊರಬಂದವರನ್ನು ಸ್ವಲ್ಪ ಹೊತ್ತಿನಲ್ಲೇ ವಿರುದ್ಧ ದಿಕ್ಕಿನಿಂದ ಅಷ್ಟೇ ಬಿರುಸಿನ ಗಾಳಿ ಹಿಡಿಯುತ್ತದೆ.

ಮನೆಯೊಳಗಿನ ಸಂಗ್ರಹದಲ್ಲಿ ಮೊದಲ ಸ್ಥಾನ ಕುಡಿಯುವ ನೀರಿಗೆ: ಒಬ್ಬರಿಗೆ ದಿನಕ್ಕೆ ಸುಮಾರು ನಾಲ್ಕು ಲೀಟರ್‌ನಂತೆ ಕನಿಷ್ಠ ಮೂರು ದಿನಕ್ಕೆ. ನಿತ್ಯದ ಔಷಧಗಳು, ಬೇಯಿಸದೆ ತಿನ್ನಬಹುದಾದ ಆಹಾರ, ಟಾರ್ಚ್, ಬ್ಯಾಟರಿಯ ರೇಡಿಯೊ, ಚಾರ್ಜ್ ಮಾಡಿದ ಪವರ್ ಬ್ಯಾಂಕ್, ನೀರು ತಾಗದಂತೆ ಕಟ್ಟಿದ ದಾಖಲೆಪತ್ರಗಳು ಒಂದೇ ಚೀಲದಲ್ಲಿರಲಿ. ನೀರು ಒಳಬರುವ ಮುನ್ನವೇ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಬೇಕು. ನೀರಿನಲ್ಲಿ ನಿಂತು ಅದನ್ನು ಮುಟ್ಟಲೇಬಾರದು. ಜನರೇಟರ್ ಬಳಸುವವರು ಅದನ್ನು ಕಿಟಕಿ ಬಾಗಿಲುಗಳಿಂದ ದೂರ, ಬಯಲಿನಲ್ಲೇ ಇಡಬೇಕು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಂಡಮಾರುತದಿಂದ ಪಾರಾದ ಕುಟುಂಬಗಳು ಮರುರಾತ್ರಿ ನಿದ್ದೆಯಲ್ಲೇ ಈ ಅನಿಲಕ್ಕೆ ಬಲಿಯಾದದ್ದುಂಟು.

ಮುನ್ಸೂಚನೆಯ ನಕ್ಷೆಯಲ್ಲಿ ಕಾಣುವ, ಮುಂದೆ ಹೋದಂತೆ ಅಗಲವಾಗುವ ಪಟ್ಟಿಯನ್ನು ಓದುವಾಗಲೂ ಎಚ್ಚರ ಬೇಕು. ಅದು ಚಂಡಮಾರುತದ ಕೇಂದ್ರ ಹಾದುಹೋಗಬಹುದಾದ ಪ್ರದೇಶವನ್ನಷ್ಟೇ ತೋರಿಸುತ್ತದೆ. ಮಳೆ ಗಾಳಿಗಳು ಅದರಾಚೆಗೂ ನೂರಾರು ಕಿಲೋಮೀಟರ್ ಹಬ್ಬಿರುತ್ತವೆ. ಬಿರುಗಾಳಿಯೂ ಕೇಂದ್ರಕ್ಕಿಂತ ಹಲವು ಗಂಟೆ ಮೊದಲೇ ತಲುಪುವುದರಿಂದ ಹೊರಗಿನ ಕೆಲಸ ಮತ್ತು ಪ್ರಯಾಣಗಳಿಗೆ ಗಡುವು ಗಾಳಿ ಬಿರುಸಾಗುವ ಹೊತ್ತೇ ಹೊರತು ಕೇಂದ್ರ ದಡ ಮುಟ್ಟುವ ಹೊತ್ತಲ್ಲ. ಇನ್ನು, ಆಕಾಶ ತಿಳಿಯಾದ ಮೇಲೂ ನದಿಯ ಮೇಲ್ಭಾಗದಲ್ಲಿ ಸುರಿದ ಮಳೆ ಕೆಳಗಿನ ಊರುಗಳನ್ನು ಮುಟ್ಟಲು ಒಂದೆರಡು ದಿನ, ದೊಡ್ಡ ನದಿಗಳಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ನದಿಬಯಲಿನಿಂದ ಸ್ಥಳಾಂತರಗೊಂಡವರು ಬಿಸಿಲನ್ನು ಕಂಡು ಹಿಂತಿರುಗದೆ, ನದಿಯ ಮಟ್ಟ ಏರಿ ಇಳಿಯತೊಡಗಿದೆ ಎಂದು ಅಧಿಕಾರಿಗಳು ಖಚಿತಪಡಿಸುವವರೆಗೆ ಎತ್ತರದ ಜಾಗದಲ್ಲೇ ಉಳಿಯಬೇಕು.