ಅಲೆ ಒಡೆಯದ ಕಡೆ ಇಳಿಯಬೇಡಿ

ರಜೆ ಬಂತೆಂದರೆ ಘಟ್ಟದ ಮೇಲಿನಿಂದ ಮುರುಡೇಶ್ವರ, ಗೋಕರ್ಣಗಳಿಗೆ ಬಸ್ಸುಗಟ್ಟಲೆ ಜನ ಬಂದಿಳಿಯುತ್ತಾರೆ. ಮರಳಿಗೆ ಕಾಲಿಟ್ಟವರ ಕಣ್ಣು ಮೊದಲು ಹುಡುಕುವುದು ಅಬ್ಬರ ಕಡಿಮೆ ಇರುವ, ಮಕ್ಕಳನ್ನು ಇಳಿಸಬಹುದು ಎನಿಸುವ ಜಾಗವನ್ನು. ಲೈಫ್‌ಗಾರ್ಡ್ ಆದ ನಾನು ಹೆಚ್ಚು ಸೀಟಿ ಊದುವುದು ಅಲ್ಲಿ ನಿಂತವರಿಗೇ.

ದಡದಿಂದ ತುಸು ಆಚೆ ನೀರಿನಡಿ ಮರಳಿನ ದಿಬ್ಬಗಳಿರುತ್ತವೆ. ಅಲೆಗಳು ಅವುಗಳ ಮೇಲೆ ಒಡೆದು ದಡದತ್ತ ನೀರು ನೂಕುತ್ತವೆ. ಬಂದ ನೀರು ವಾಪಸು ಹೋಗಬೇಕಲ್ಲ? ದಿಬ್ಬ ತುಂಡಾಗಿರುವ ಕಡೆ ಒಟ್ಟಾಗಿ ನುಗ್ಗುತ್ತದೆ. ಅಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಒಡೆಯುವುದಿಲ್ಲ. ಎರಡೂ ಬದಿಯಲ್ಲಿ ಬಿಳಿ ನೊರೆ, ನಡುವೆ ಕಪ್ಪಗೆ ನಯವಾದ ಪಟ್ಟಿ, ಅದರಲ್ಲಿ ಕಸಕಡ್ಡಿ ಸಮುದ್ರದತ್ತ ಸಾಗುತ್ತಿದೆಯೇ? ಅದೇ ರಿಪ್ ಕರೆಂಟ್. ಬಂಡೆಗಳ ಪಕ್ಕ, ಅಳಿವೆಗಳ ಬಾಯಲ್ಲಿಯೂ ಸೆಳೆತ ಜೋರು. ರಭಸವಾದಾಗ ಅದು ಸೆಕೆಂಡಿಗೆ 2 ಮೀಟರ್ ದಾಟುವುದುಂಟು. ಒಲಿಂಪಿಕ್ಸ್ ಈಜುಗಾರನೂ ಅದಕ್ಕೆ ಎದುರಾಗಿ ಈಜಿ ಗೆಲ್ಲಲಾರ. ದಿಬ್ಬಗಳು ಸರಿಯುತ್ತಿರುತ್ತವೆ, ಆದ್ದರಿಂದ ಹೋದ ಸಲ ಈಜಿದ ಜಾಗವೆಂಬ ಧೈರ್ಯ ಬೇಡ.

ಬಾವಿ, ಕೆರೆಯಲ್ಲಿ ಈಜು ಕಲಿತವರು ನನಗೆ ಹೆಚ್ಚು ತಲೆನೋವು. ಸೆಳೆತಕ್ಕೆ ಸಿಕ್ಕ ಕೂಡಲೇ ದಡ ನೋಡಿಕೊಂಡು ಕೈ ಬೀಸುತ್ತಾರೆ, ಎರಡೇ ನಿಮಿಷದಲ್ಲಿ ಸುಸ್ತಾಗುತ್ತಾರೆ. ಈ ಸೆಳೆತ ಆಚೆಗೆ ಒಯ್ಯುತ್ತದೆಯೇ ಹೊರತು ಕೆಳಕ್ಕೆ ಎಳೆಯುವುದಿಲ್ಲ; ಅಲೆ ಒಡೆಯುವ ಸಾಲು ದಾಟಿದರೆ ಸಾಮಾನ್ಯವಾಗಿ ಸಡಿಲವಾಗುತ್ತದೆ. ಅಂಗಾತ ತೇಲಿ, ಒಂದು ಕೈ ಎತ್ತಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ, ನೊರೆ ಇರುವಲ್ಲಿಂದ ಅಲೆಯ ಜೊತೆ ಬನ್ನಿ.

ಮಳೆಗಾಲದಲ್ಲಿ ನೀರಿಗಿಳಿಯಬಾರದೆಂದು ಎಲ್ಲರಿಗೂ ಗೊತ್ತು, ಕೇಳುವುದಿಲ್ಲ ಅಷ್ಟೇ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿದ ಅಲೆಗಳು ನಮ್ಮ ದಡಕ್ಕೆ ನುಗ್ಗುತ್ತವೆ. ಕೇರಳದವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಸಮುದ್ರದ ಸ್ಥಿತಿಗತಿ ತಿಳಿಸುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ (INCOIS) ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಮುನ್ನ ನೋಡಿಕೊಳ್ಳಿ.

ಮುಳುಗುವವರು ಸಿನಿಮಾದಲ್ಲಿ ಕೂಗುವಂತೆ ಕೂಗುವುದು ಅಪರೂಪ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕಿದ್ದು, ದೇಹ ನೆಟ್ಟಗೆ ನಿಂತು, ಕೈಗಳು ಏಣಿ ಹತ್ತುವಂತೆ ನೀರನ್ನು ಒತ್ತುತ್ತಿರುತ್ತವೆ. ದಡದಲ್ಲಿರುವ ಮನೆಯವರು ಆಟವೆಂದುಕೊಂಡು ಫೋಟೋ ತೆಗೆಯುತ್ತಿರುತ್ತಾರೆ. ಗೊತ್ತಾದಾಗ ಹಿಂದೆಯೇ ಹಾರಬೇಡಿ. ಒಬ್ಬರ ಬದಲು ಇಬ್ಬರು ಹೋಗುವುದು ಹೀಗೆ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಫುಟ್‌ಬಾಲ್, ತೇಲುವ ಏನನ್ನಾದರೂ ಎಸೆದು ನಮ್ಮನ್ನು ಕೂಗಿ.

ದಡಕ್ಕೆ ತಂದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತುವುದು ಇನ್ನೂ ನಿಂತಿಲ್ಲ. ಹೊಟ್ಟೆಯಲ್ಲಿದ್ದುದು ಬಾಯಿಗೆ ಬಂದು ಶ್ವಾಸಕೋಶ ಸೇರುತ್ತದೆ. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ನಂತರ ಎದೆಯ ನಡುವೆ 30 ಸಲ ಒತ್ತಿ ಮತ್ತೆ 2 ಉಸಿರು, ಹೀಗೆಯೇ ಮುಂದುವರಿಸಿ. ಎದ್ದು ಕುಳಿತು ‘ಏನಿಲ್ಲ, ಹುಷಾರಾಗಿದ್ದೇನೆ’ ಎಂದವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರಾಟದ ತೊಂದರೆ ಕೆಲವು ಗಂಟೆಗಳ ಬಳಿಕವೂ ಹೆಚ್ಚಬಹುದು.